ಕೊನೆಯ ಸ್ಥಾನದಿಂದ ಹತ್ತು ಕಿರೀಟಗಳವರೆಗೆ

1924. ಫ್ರಾನ್ಸಿನ ಶಾಮೊನಿಯಲ್ಲಿ ಚಳಿಗಾಲದ ಒಲಿಂಪಿಕ್ಸ್. ಮಹಿಳೆಯರ ಫಿಗರ್ ಸ್ಕೇಟಿಂಗ್‌ನಲ್ಲಿ ಇದ್ದವರು ಎಂಟು ಮಂದಿ. ನಾರ್ವೆಯಿಂದ ಬಂದಿದ್ದ 11 ವರ್ಷದ ಹುಡುಗಿಗೆ ಸಿಕ್ಕಿದ್ದು ಎಂಟನೇ ಸ್ಥಾನ. ಅವಳೇ ಸೋನ್ಯಾ ಹೆನಿ.

1912ರಲ್ಲಿ ಓಸ್ಲೊದಲ್ಲಿ ಹುಟ್ಟಿದ ಸೋನ್ಯಾ, ತುಪ್ಪಳದ ವ್ಯಾಪಾರಿಯೊಬ್ಬರ ಮಗಳು. ಬ್ಯಾಲೆ ಕಲಿತಿದ್ದ ಅವಳು ಮಂಜುಗಡ್ಡೆಯ ಮೇಲಿನ ಕಸರತ್ತಿಗೆ ನೃತ್ಯದ ಲಯ ತಂದಳು. ಉದ್ದ ಲಂಗ ಬಿಟ್ಟು ಗಿಡ್ಡ ಲಂಗದಲ್ಲಿ ಕಣಕ್ಕಿಳಿದಳು.

ಸೋತ ಮೂರೇ ವರ್ಷಕ್ಕೆ, 1927ರಲ್ಲಿ, ತವರೂರಿನಲ್ಲೇ ವಿಶ್ವ ಚಾಂಪಿಯನ್ ಆದಳು. ಸಂಭ್ರಮದ ಜತೆಗೇ ಅಪಸ್ವರವೂ ಎದ್ದಿತು. ಐವರು ತೀರ್ಪುಗಾರರಲ್ಲಿ ಮೂವರು ನಾರ್ವೆಯವರು. ಅವಳಿಗೆ ಮೊದಲ ಸ್ಥಾನ ಕೊಟ್ಟವರೂ ಆ ಮೂವರೇ! ಮುಂದೆ ಒಂದು ದೇಶಕ್ಕೆ ಒಬ್ಬರೇ ತೀರ್ಪುಗಾರರು ಎಂಬ ನಿಯಮ ಬಂತು. ಆ ಬಳಿಕವೂ ಗೆದ್ದವಳು ಸೋನ್ಯಾಳೇ. 1936ರವರೆಗೆ ಸತತ ಹತ್ತು ವಿಶ್ವ ಪ್ರಶಸ್ತಿ, 1928, 1932 ಮತ್ತು 1936ರಲ್ಲಿ ಒಲಿಂಪಿಕ್ ಚಿನ್ನ. ಅನುಮಾನಕ್ಕೆ ಇದಕ್ಕಿಂತ ಉತ್ತರ ಬೇಕೇ?

ನಂತರ ಹಾಲಿವುಡ್ ಕೈಬೀಸಿ ಕರೆಯಿತು. ಹಣ, ಹೆಸರು ಎರಡೂ ಬಂದವು. ಆದರೆ ಬರ್ಲಿನ್‌ನ ಪ್ರದರ್ಶನವೊಂದರಲ್ಲಿ ಹಿಟ್ಲರನಿಗೆ ನಾಜಿ ಶೈಲಿಯಲ್ಲಿ ವಂದಿಸಿದ್ದು ತಾಯ್ನಾಡಿನ ಜನರ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ಅದನ್ನು ಯಾವ ಪದಕವೂ ಅಳಿಸಲಿಲ್ಲ.

ರಕ್ತದ ಕ್ಯಾನ್ಸರಿಗೆ ತುತ್ತಾದ ಸೋನ್ಯಾ 1969ರಲ್ಲಿ, ಪ್ಯಾರಿಸ್‌ನಿಂದ ಓಸ್ಲೊಗೆ ಹಾರುತ್ತಿದ್ದ ವಿಮಾನದಲ್ಲೇ ಕೊನೆಯುಸಿರೆಳೆದರು. ಆಗ ಅವರಿಗೆ 57 ವರ್ಷ.

ಫಲಿತಾಂಶದ ಪಟ್ಟಿಯ ತಳದಲ್ಲಿ ನಮ್ಮ ಹೆಸರು ಕಂಡ ದಿನ ಶಾಮೊನಿಯ ಆ ಹುಡುಗಿ ನೆನಪಾಗಲಿ. ಮೇಲೇರಿದ ದಿನ ಬರ್ಲಿನ್ನೂ ನೆನಪಿರಲಿ.