ಪಾಲ್ ಎರ್ಲಿಕ್ ಪಂಡಿತನ ಚರಿತ್ರೆ

ಔಷಧವು ರೋಗವನ್ನು ಮಾತ್ರ ಅರಸಿಕೊಂಡು ಹೋಗುವಂತೆ ಮಾಡಲು ಆಯುಷ್ಯವೆಲ್ಲ ಶ್ರಮಿಸಿದ ಪಾಲ್ ಎರ್ಲಿಕನು 1854ನೆಯ ಇಸವಿ ಮಾರ್ಚಿ 14ರಂದು ಅಂದಿನ ಪ್ರಷ್ಯದ ಸ್ಟ್ರೇಲೆನ್ ಪಟ್ಟಣದ ಯೆಹೂದ್ಯ ಮನೆತನವೊಂದರಲ್ಲಿ ಜನಿಸಿದನು. ಬಂಧುವಾದ ಕಾರ್ಲ್ ವೈಗರ್ಟನಿಂದ ದೇಹದ ಅಂಶಗಳಿಗೆ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮವನ್ನು ಕಲಿತು, ವಿದ್ಯಾರ್ಥಿದಶೆಯಲ್ಲಿಯೇ ಬಣ್ಣಗಳ ಹುಚ್ಚಿಗೆ ಒಳಗಾದನು. ರೇಷ್ಮೆಯನ್ನು ಬಿಗಿಯಾಗಿ ಹಿಡಿಯುವ ಬಣ್ಣವು ಹತ್ತಿಯ ನೂಲಿಗೆ ಹತ್ತದಿರಬಹುದೆಂಬುದು ನಮ್ಮ ರಾಮನಗರದ ಸೀಮೆಯವರಿಗೆ ಹೊಸ ಮಾತಲ್ಲ. ದೇಹದೊಳಗೂ ಹೀಗೆಯೇ ಒಂದು ಬಣ್ಣವು ನರವನ್ನೂ ಮತ್ತೊಂದು ರೋಗಾಣುವನ್ನೂ ಆರಿಸಿಕೊಳ್ಳುವುದನ್ನು ಎರ್ಲಿಕನು ಕಂಡನು. ಹಾಗಾದರೆ ರೋಗಾಣುವನ್ನೇ ಆರಿಸಿ ಹಿಡಿಯುವ ವಿಷವೊಂದು ದೊರೆಯಲಾರದೆ? ಅಂತಹ ಮದ್ದನ್ನು ಆತನು ಮಂತ್ರದ ಗುಂಡೆಂದು ಕರೆದನು.

1883ರಲ್ಲಿ ಹೆಡ್ವಿಗ್ ಪಿಂಕಸಳನ್ನು ವಿವಾಹವಾದನು. ನಡುವೆ ಕ್ಷಯರೋಗ ತಗಲಲು ಈಜಿಪ್ಟಿಗೆ ಹೋಗಿ ಗುಣಹೊಂದಿ ಬಂದನು. 1906ರಲ್ಲಿ ಫ್ರಾನ್ಸಿಸ್ಕಾ ಸ್ಪೈಯರ್ ಎಂಬ ವಿಧವೆಯು ಪತಿಯ ಸ್ಮರಣಾರ್ಥವಾಗಿ ಫ್ರಾಂಕ್‌ಫರ್ಟ್ ನಗರದಲ್ಲಿ ಆತನಿಗೆ ಸಂಶೋಧನಾಲಯವೊಂದನ್ನು ಕಟ್ಟಿಸಿಕೊಟ್ಟಳು. ಈ ಮಾತೆಯ ಹೆಸರು ಅನೇಕ ಚರಿತ್ರೆಗಳಲ್ಲಿ ಬಿಟ್ಟುಹೋಗಿರುವುದು ನ್ಯಾಯವಲ್ಲ; ಆಕೆಯ ಧನವಿಲ್ಲದಿದ್ದರೆ ಮುಂದಿನ ಕಾರ್ಯವು ಸುಲಭವಾಗಿ ಸಾಗುತ್ತಿರಲಿಲ್ಲ. 1908ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. 1909ರಲ್ಲಿ ಜಪಾನಿನ ಸಹಾಯಕ ಹಾಟಾ ಎಂಬಾತನು ಪರೀಕ್ಷಿಸಲು, ಪಾಷಾಣದಿಂದಾದ 606ನೆಯ ವಸ್ತುವು, ತಾಯಿಯಿಂದ ಶಿಶುವಿಗೂ ಸೋಕುವ ಉಪದಂಶರೋಗದ ಅಣುಗಳನ್ನು ಕೊಲ್ಲುವುದು ತಿಳಿದುಬಂದಿತು. ಮರುವರ್ಷ ಅದು ಸಾಲ್ವರ್ಸಾನ್ ಎಂಬ ಹೆಸರಿನಿಂದ ಲೋಕಕ್ಕೆ ಬಂದಿತು. ಆದರೆ ಗುಂಡು ಗುರಿಯನ್ನಷ್ಟೇ ತಾಗಲಿಲ್ಲ. ಕೆಲವು ರೋಗಿಗಳು ಮದ್ದಿನಿಂದಲೇ ಮಡಿದರು. ನಿಂದೆಗಳೆದ್ದು, 1914ರಲ್ಲಿ ವ್ಯಾಜ್ಯವು ನ್ಯಾಯಸ್ಥಾನದವರೆಗೂ ಹೋಗಿ, ನಿಂದಿಸಿದವನಿಗೇ ಶಿಕ್ಷೆಯಾಯಿತು. ಬಳಲಿದ್ದ ಎರ್ಲಿಕನು 1915ನೆಯ ಆಗಸ್ಟ್ 20ರಂದು ಕಾಲವಾದನು.

ಇಲಿಗಳಲ್ಲಿ ಗಡ್ಡೆಗಳನ್ನು ಬೆಳೆಸಿ ಅರ್ಬುದರೋಗವನ್ನೂ ಆತನು ಶೋಧಿಸಿದ್ದನು. ಅದಕ್ಕೆ ಮದ್ದು ದೊರೆಯಲಿಲ್ಲ. ಚನ್ನಪಟ್ಟಣ, ಕನಕಪುರ, ಮಾಗಡಿಗಳಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿಬರುವ ಮನೆಗಳವರು ಬಲ್ಲಂತೆ, ಇಂದಿನ ಔಷಧವೂ ಗಡ್ಡೆಯೊಡನೆ ಕೂದಲನ್ನೂ ಹಸಿವನ್ನೂ ಕೆಡಿಸುವುದುಂಟು. ಆದುದರಿಂದಲೇ ಪಂಡಿತರು ಕೂದಲೆಳೆಯ ದಪ್ಪದಲ್ಲಿ ಸುಮಾರು ಸಾವಿರದೊಂದು ಪಾಲಿನಷ್ಟಿರುವ, ಜೇನುಹುಟ್ಟಿನಂತೆ ರಂಧ್ರಗಳುಳ್ಳ ಸಿಲಿಕಾ ಕಣಗಳಲ್ಲಿ ಮದ್ದನ್ನು ತುಂಬಿ ಬಾಯಿ ಮುಚ್ಚಿ ಕಳುಹಿಸುವ ಯತ್ನದಲ್ಲಿದ್ದಾರೆ. ಇಂತಹ ಕಣಗಳ ಸಂಶೋಧನೆಯು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ನಡೆದಿದೆ. ಗಡ್ಡೆಯ ರಕ್ತನಾಳಗಳ ಗೋಡೆ ಸಡಿಲವಾಗಿರುವುದರಿಂದ ಕಣಗಳು ಅಲ್ಲಿ ಒಳಗೆ ಜಿನುಗುವುವು. ಅಲ್ಲಿನ ಹುಳಿಗೆ ಮುಚ್ಚಳವು ಬಿಚ್ಚಿ ಮದ್ದು ಹೊರಬರುವಂತೆ ಮಾಡುವರು. ದಾರಿಯಲ್ಲಿ ಯಕೃತ್ತೂ ಗುಲ್ಮವೂ ಹೆಚ್ಚು ಪಾಲನ್ನು ಹಿಡಿದಿಟ್ಟುಕೊಳ್ಳುತ್ತವೆ. ಪ್ರಾಣಿಗಳ ಮೇಲೆ ನಡೆದ ನಾನಾ ಬಗೆಯ ಸೂಕ್ಷ್ಮಕಣಗಳ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2016ರಲ್ಲಿ ಲೆಕ್ಕವಿಟ್ಟಾಗ, ಗಡ್ಡೆಯನ್ನು ಮುಟ್ಟುವುದು ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆಯೆಂದು ಕಂಡುಬಂದಿತು.