ದೇಶ ಸುತ್ತಿದ ಕಾಕಾ ಕಾಲೇಲ್ಕರರು

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಹೊಟ್ಟೆಪಾಡಿಗಾಗಿ ಊರು ಬಿಟ್ಟ ನಾವು ಇವೆರಡರಲ್ಲಿ ಮೊದಲನೆಯದನ್ನು ಬೇಡವೆಂದರೂ ಮಾಡಿದ್ದೇವೆ. ಅಹಮದಾಬಾದಿನ ಬಿಸಿಲಿಗೆ ಇಳಿದವನಿಗೆ ಧಾರವಾಡದ ಮಳೆ ನೆನಪಾಗುತ್ತದೆ. ಸೂರತ್ತಿನ ಗದ್ದಲದಲ್ಲಿ ನಿಂತವನು ಮೈಸೂರಿನ ಸಾಲುಮರಗಳನ್ನು ಹುಡುಕುತ್ತಾನೆ. ವಡೋದರಾದ ದಾಲಿನಲ್ಲಿ ಬೆಲ್ಲ ಸಿಕ್ಕಾಗ ಉಡುಪಿಯವನು ತಲೆದೂಗುತ್ತಾನೆ, ಬಳ್ಳಾರಿಯವನು ಹುಬ್ಬು ಗಂಟಿಕ್ಕುತ್ತಾನೆ. ಊರಿಗೆ ಊರನ್ನು ಇಟ್ಟು ತೂಗುವುದು ಪರಸ್ಥಳಕ್ಕೆ ಬಂದವರ ಸ್ವಭಾವ. ತೂಗುವುದು ತಪ್ಪಲ್ಲ. ಆದರೆ ತಕ್ಕಡಿಯನ್ನು ಹೇಗೆ ಹಿಡಿಯಬೇಕೆಂಬುದನ್ನು ಬದುಕಿ ತೋರಿಸಿದವರು ವಿರಳ. ಅಂತಹವರಲ್ಲಿ ದತ್ತಾತ್ರೇಯ ಬಾಲಕೃಷ್ಣ ಕಾಲೇಲ್ಕರರು ಒಬ್ಬರು. ಗುಜರಾತು ಅವರನ್ನು ಕಾಕಾಸಾಹೇಬ ಎಂದು ಬಲ್ಲದು.

ಕಾಲೇಲ್ಕರರು ೧೮೮೫ನೆಯ ಇಸವಿ ಡಿಸೆಂಬರ್ ೧ರಂದು ಸಾತಾರೆಯಲ್ಲಿ ಹುಟ್ಟಿದರು. ಮನೆತನ ನೆಲೆಸಿದ್ದುದು ಬೆಳಗಾವಿಯ ಬಳಿಯ ಬೆಳಗುಂದಿಯಲ್ಲಿ. ತಂದೆಯವರದು ಸರಕಾರಿ ನೌಕರಿ; ವರ್ಗವಾದಲ್ಲೆಲ್ಲ ಸಂಸಾರವೂ ಹೊರಡುತ್ತಿತ್ತು. ಸಾತಾರೆ, ಕಾರವಾರ, ಬೆಳಗಾವಿ, ಧಾರವಾಡ ಎಂದು ಹುಡುಗನ ಬಾಲ್ಯವೆಲ್ಲ ಊರೂರು ಬದಲಾಯಿಸುವುದರಲ್ಲಿಯೇ ಕಳೆಯಿತು. ಮನೆಯ ಮಾತು ಮರಾಠಿ. ಹೊರಗೆ ಕಾಲಿಟ್ಟರೆ ಕೊಂಕಣಿ, ಕನ್ನಡ. ಕಾರವಾರದ ಕಡಲು, ಬೆಳಗುಂದಿಯ ಮಾರ್ಕಂಡೇಯ ನದಿ, ಸಾತಾರೆಯ ಕೃಷ್ಣೆ ಇವು ಮೂರೂ ಬಾಲಕನ ಮನಸ್ಸಿನಲ್ಲಿ ಆಗಲೇ ನಿಂತುಬಿಟ್ಟಿದ್ದುವು. ಮಾರ್ಕಂಡೇಯವು ಗೋಕಾಕದ ಕಡೆಗೆ ಹರಿದು ಘಟಪ್ರಭೆಯನ್ನು ಸೇರುತ್ತದೆ. ಘಟಪ್ರಭೆ ಕೃಷ್ಣೆಯನ್ನು ಸೇರುತ್ತದೆ. ಹುಟ್ಟಿದೂರಿನ ನೀರಿಗೂ ಸ್ವಂತ ಊರಿನ ನೀರಿಗೂ ಕೊನೆಗೆ ಒಂದೇ ದಾರಿ.

೧೯೦೭ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಿಂದ ತತ್ತ್ವಶಾಸ್ತ್ರದಲ್ಲಿ ಬಿ.ಎ. ಮುಗಿಸಿದರು. ಅದೇ ವರ್ಷದ ಕೊನೆಗೆ ಸೂರತ್ತಿನ ಕಾಂಗ್ರೆಸ್ ಅಧಿವೇಶನದಲ್ಲಿ ತಿಲಕರ ಪಕ್ಷವೂ ಮಂದಗಾಮಿಗಳೂ ಬೇರೆಯಾದರು. ಆ ಕಾಲದ ಎಷ್ಟೋ ತರುಣರಂತೆ ಕಾಲೇಲ್ಕರರೂ ರಾಷ್ಟ್ರೀಯ ಶಿಕ್ಷಣದ ಕಡೆಗೆ ತಿರುಗಿದರು. ಬೆಳಗಾವಿಯ ಗಣೇಶ ವಿದ್ಯಾಲಯದಲ್ಲಿ ಕೆಲಕಾಲ ಕೆಲಸಮಾಡಿ, ಮುಂಬಯಿಯ ‘ರಾಷ್ಟ್ರಮತ’ ಪತ್ರಿಕೆಯಲ್ಲಿಯೂ ದುಡಿದು, ೧೯೧೦ರಲ್ಲಿ ವಡೋದರಾದ ಗಂಗನಾಥ ವಿದ್ಯಾಲಯಕ್ಕೆ ಉಪಾಧ್ಯಾಯರಾಗಿ ಬಂದರು.

ಬ್ಯಾರಿಸ್ಟರ್ ಕೇಶವರಾವ್ ದೇಶಪಾಂಡೆಯವರು ನಡೆಸುತ್ತಿದ್ದ ಆ ಶಾಲೆಯಲ್ಲಿ ಗುರುಗಳನ್ನು ಬಂಧುಗಳಂತೆ ಕರೆಯುವ ರೂಢಿಯಿದ್ದಿತು. ಒಬ್ಬರು ಮಾಮಾ ಆದರು, ಕಾಲೇಲ್ಕರರು ಕಾಕಾ ಆದರು. ಬೆಳಗಾವಿ ಧಾರವಾಡಗಳ ಮನೆಗಳಲ್ಲಿ ಚಿಕ್ಕಪ್ಪನನ್ನು ಕಾಕಾ ಎಂದೇ ಕರೆಯುವುದರಿಂದ ನಮಗೆ ಈ ಹೆಸರು ಹೊರಗಿನದೆನಿಸದು. ಪರಊರಿಗೆ ಬಂದ ಮಾಸ್ತರನೊಬ್ಬನಿಗೆ ಆ ಊರಿನ ಮಕ್ಕಳು ಕೊಟ್ಟ ನಂಟು ಮುಂದೆ ಎಪ್ಪತ್ತು ವರ್ಷ ಅವರ ಹೆಸರಿಗೆ ಅಂಟಿಕೊಂಡಿತು. ಶಾಲೆಯ ದೇಶಾಭಿಮಾನವನ್ನು ಸಹಿಸದ ಬ್ರಿಟಿಷ್ ಸರಕಾರದ ಒತ್ತಡದಿಂದ ೧೯೧೨ರ ಹೊತ್ತಿಗೆ ಅದು ಮುಚ್ಚಿಹೋಯಿತು. ಶಾಲೆ ಹೋಯಿತು, ಕಾಕಾ ಉಳಿದರು.

ಅನಂತರ ಅವರು ಹಿಡಿದದ್ದು ಹಿಮಾಲಯದ ದಾರಿ. ಸ್ವಾಮಿ ಆನಂದರೊಡನೆ ಗಂಗೋತ್ರಿ, ಕೇದಾರ, ಬದರಿಗಳನ್ನು ಕಾಲ್ನಡೆಯಲ್ಲಿ ಕಂಡರು. ೧೯೧೫ರಲ್ಲಿ ಶಾಂತಿನಿಕೇತನದಲ್ಲಿ ಗಾಂಧೀಜಿಯವರ ಭೇಟಿಯಾಯಿತು. ಕೆಲವು ಕಾಲದ ಮೇಲೆ ಅಹಮದಾಬಾದಿನ ಆಶ್ರಮದ ಶಾಲೆಗೆ ಬಂದು ಸೇರಿದರು. ಹಿಮಾಲಯದ ಯಾತ್ರೆಯನ್ನು ಬರೆದದ್ದು ಆಶ್ರಮದ ಕೈಬರಹದ ಪತ್ರಿಕೆಗೆ, ಅದೂ ಗುಜರಾತಿಯಲ್ಲಿ. ೧೯೨೪ರಲ್ಲಿ ಅದು ‘ಹಿಮಾಲಯನೋ ಪ್ರವಾಸ್’ ಎಂಬ ಪುಸ್ತಕವಾಗಿ ಹೊರಬಂದು, ಗುಜರಾತಿ ಪ್ರವಾಸ ಸಾಹಿತ್ಯದಲ್ಲಿ ಹಿರಿಯ ಸ್ಥಾನ ಪಡೆಯಿತು. ತಾಯಿನುಡಿಯಲ್ಲದ ಭಾಷೆಯಲ್ಲಿ, ತನ್ನದಲ್ಲದ ಪ್ರಾಂತದ ಮಕ್ಕಳಿಗಾಗಿ, ಇಡೀ ದೇಶದ ಶಿಖರವನ್ನು ಬಣ್ಣಿಸಿದ ಪುಸ್ತಕವದು.

ಆಶ್ರಮದ ನೆರೆಯಲ್ಲಿಯೇ ಸಾಬರಮತಿ ಸೆರೆಮನೆ. ೧೯೨೩ರಲ್ಲಿ ಅಲ್ಲಿಗೂ ಹೋದರು. ಊರೂರು ತಿರುಗುವ ಮನುಷ್ಯನನ್ನು ನಾಲ್ಕು ಗೋಡೆಗಳ ನಡುವೆ ಕೂಡಿಹಾಕಿದಾಗ ಅವರು ಕಾಗೆ, ಅಳಿಲು, ಇರುವೆಗಳ ಸಂಸಾರವನ್ನು ನೋಡುತ್ತ ಕುಳಿತರು. ಆ ನೋಟದಿಂದ ಹುಟ್ಟಿದ್ದು ‘ಓತರಾತೀ ದಿವಾಲೋ’, ಎಂದರೆ ಉತ್ತರದ ಗೋಡೆಗಳು, ಎಂಬ ಚಿಕ್ಕ ಹೊತ್ತಗೆ. ಕಣ್ಣಿದ್ದವನಿಗೆ ಒಂದು ಅಂಗಳವೂ ಪ್ರವಾಸಕ್ಕೆ ಸಾಕೆಂದು ಅದು ತೋರಿಸುತ್ತದೆ.

ಗಾಂಧೀಜಿ ೧೯೨೦ರಲ್ಲಿ ಸ್ಥಾಪಿಸಿದ ಗುಜರಾತ್ ವಿದ್ಯಾಪೀಠಕ್ಕೆ ಕಾಕಾಸಾಹೇಬರು ೧೯೨೮ರಿಂದ ೧೯೩೫ರವರೆಗೆ ಕುಲನಾಯಕರಾಗಿದ್ದರು. ಆ ಅವಧಿಯಲ್ಲಿಯೇ, ೧೯೨೯ರಲ್ಲಿ, ಗುಜರಾತಿ ಶಬ್ದಗಳ ಕಾಗುಣಿತಕ್ಕೆ ಒಂದು ಕಟ್ಟುಪಾಡು ತಂದ ‘ಜೋಡಣೀಕೋಶ’ ವಿದ್ಯಾಪೀಠದಿಂದ ಪ್ರಕಟವಾಯಿತು. ಆ ಕಾರ್ಯದಲ್ಲಿ ಅವರ ಕೈಯೂ ಇದ್ದಿತು. ನಮ್ಮ ಗಾದೆ ಕೋಶ ಓದೆಂದು ಹೇಳುತ್ತದೆ. ಇವರು ದೇಶ ಸುತ್ತಿ ಬಂದು ಇತರರು ಓದುವ ಕೋಶಕ್ಕೇ ಕೈಗೂಡಿಸಿದರು.

೧೯೩೦ರ ಮಾರ್ಚ್ ೧೨ರಂದು ದಂಡಿಯಾತ್ರೆ ಸಾಬರಮತಿಯಿಂದ ಹೊರಟಾಗ, ಮುಂದಿನ ಹಳ್ಳಿಗಳಿಗೆ ಮೊದಲೇ ಹೋಗಿ ಏರ್ಪಾಡು ನೋಡಿಕೊಂಡವರು ವಿದ್ಯಾಪೀಠದ ವಿದ್ಯಾರ್ಥಿಗಳು. ಮಹಿ, ನರ್ಮದಾ, ತಾಪಿ ನದಿಗಳನ್ನು ದಾಟಿ, ಸೂರತ್ತಿನ ಮೂಲಕ ಯಾತ್ರೆ ಕಡಲಿಗೆ ಮುಟ್ಟಿತು. ಗಾಂಧೀಜಿಯೊಡನೆ ಹೆಜ್ಜೆಹಾಕಿದ ಆ ತಂಡದಲ್ಲಿ ನಮ್ಮ ಮೋಟೆಬೆನ್ನೂರಿನ ಹದಿನೆಂಟು ವರ್ಷದ ಮೈಲಾರ ಮಹಾದೇವನೂ ಇದ್ದನೆಂಬುದನ್ನು ಗುಜರಾತಿನ ಕನ್ನಡಿಗರು ಮರೆಯಲಾಗದು.

ಅದೇ ನದಿಗಳನ್ನು ನಾವೂ ದಾಟುತ್ತೇವೆ. ಅಹಮದಾಬಾದಿನಿಂದ ಸೂರತ್ತಿಗೆ ರೈಲಿನಲ್ಲಿ ಬರುವಾಗ ಮಹಿ ಬರುತ್ತದೆ, ವಡೋದರಾದ ವಿಶ್ವಾಮಿತ್ರಿ ಬರುತ್ತದೆ, ಭರೂಚಿನಲ್ಲಿ ನರ್ಮದೆ, ಸೂರತ್ತಿನ ಹೊಸ್ತಿಲಲ್ಲಿ ತಾಪಿ. ಕಾಕಾಸಾಹೇಬರು ನಾಡುಗಳನ್ನು ಅರಿತದ್ದು ಇಂತಹ ನೀರಿನ ದಾರಿಯಿಂದ. ೧೯೩೪ರಲ್ಲಿ ಬಂದ ‘ಲೋಕಮಾತಾ’, ೧೯೫೬ರಲ್ಲಿ ಅದನ್ನು ಹಿಗ್ಗಿಸಿದ ‘ಜೀವನಲೀಲಾ’ ಇವೆರಡೂ ಭಾರತದ ನದಿ, ಜಲಪಾತ, ಸರೋವರಗಳ ಪುಸ್ತಕಗಳು. ಗಂಗೆಯ ಸಾಲಿನಲ್ಲಿಯೇ ಬೆಳಗುಂದಿಯ ಪುಟ್ಟ ಮಾರ್ಕಂಡಿಗೂ ಪೀಠ ಹಾಕಿಕೊಟ್ಟಿದ್ದಾರೆ. ಅವರ ಪಾಲಿಗೆ ಅದು ಸಖಿ. ನರ್ಮದೆಯನ್ನು ಅವರು ವ್ಯಾಕರಣದ ಉಭಯಾನ್ವಯಿ ಅವ್ಯಯಕ್ಕೆ ಹೋಲಿಸಿದರು. ಎರಡು ವಾಕ್ಯಗಳನ್ನು ಸೇರಿಸುವ ‘ಮತ್ತು’ ಎಂಬ ಮಾತಿನಂತೆ ಆ ನದಿ ಉತ್ತರವನ್ನೂ ದಕ್ಷಿಣವನ್ನೂ ಕೂಡಿಸುತ್ತದೆ. ಗಡಿಯೆಂದು ಇತರರು ಎಣಿಸಿದುದನ್ನು ಅವರು ಕೊಂಡಿಯೆಂದು ಕಂಡರು. ಇಂದು ಅಹಮದಾಬಾದಿನ ಸಾಬರಮತಿಯ ಪಾತ್ರದಲ್ಲಿ ನಾವು ಕಾಣುವ ನೀರು ಕಾಲುವೆಯಿಂದ ಬಂದ ನರ್ಮದೆಯ ನೀರೇ ಎಂಬುದನ್ನು ನೆನೆದರೆ, ಆ ಹೋಲಿಕೆ ಇನ್ನೂ ದೂರಕ್ಕೆ ಹರಿದಂತಾಯಿತು. ಪೂರ್ವ ಆಫ್ರಿಕಕ್ಕೆ ಹೋಗಿ ನೈಲ್ ನದಿಯ ಮೂಲವನ್ನು ಕಂಡಾಗ, ಗಂಗೋತ್ರಿಯ ಮಾದರಿಯಲ್ಲಿ ಅದನ್ನು ನೀಲೋತ್ರಿ ಎಂದು ಕರೆದರು. ಹೊಸತನ್ನು ಕಂಡಾಗ ಹಳೆಯದನ್ನು ಹಳಿಯಲಿಲ್ಲ, ಹಳೆಯದರ ಹೆಸರಿನಿಂದ ಹೊಸತನ್ನು ದೂರವಿಡಲೂ ಇಲ್ಲ.

ಅವರ ಜೋಗದ ಯಾತ್ರೆಯೂ ನೆನೆಯತಕ್ಕದ್ದು. ೧೯೨೭ರಲ್ಲಿ ಗಾಂಧೀಜಿ ಮೈಸೂರು ಸಂಸ್ಥಾನದಲ್ಲಿ ಸಂಚರಿಸುತ್ತಿದ್ದಾಗ, ಇಷ್ಟು ಹತ್ತಿರ ಬಂದು ಜೋಗವನ್ನು ನೋಡದೆ ಹೋಗಬಾರದೆಂದು ಕಾಕಾ ಬೇಡಿಕೊಂಡರು. ಅದಕ್ಕಿಂತ ಎತ್ತರದಿಂದ, ಆಕಾಶದಿಂದಲೇ, ಬೀಳುವ ಮಳೆನೀರನ್ನು ತಾವು ಕಂಡಿರುವುದಾಗಿ ಹೇಳಿ ಗಾಂಧೀಜಿ ತಪ್ಪಿಸಿಕೊಂಡರು. ಕಾಕಾ ಹೋಗಿ ನೋಡಿದರು, ನೋಡಿ ಬರೆದರು. ಗುಜರಾತಿನ ಓದುಗನಿಗೆ ಶರಾವತಿಯ ಸಪ್ಪಳ ಆ ಬರಹದಲ್ಲಿ ಕೇಳಿಸಿತು.

ದೇಶ ಸುತ್ತಿದವನಿಗೆ ಚೆಲುವು ಮಾತ್ರವೇ ಕಣ್ಣಿಗೆ ಬಿದ್ದರೆ ಆ ಸುತ್ತಾಟ ಅರ್ಧ. ೧೯೫೩ರಲ್ಲಿ ನೇಮಕವಾದ ಮೊದಲನೆಯ ಹಿಂದುಳಿದ ವರ್ಗಗಳ ಆಯೋಗಕ್ಕೆ ಅವರು ಅಧ್ಯಕ್ಷರಾದರು. ೧೯೫೫ರ ವರದಿ ದೇಶಾದ್ಯಂತ ೨,೩೯೯ ಜಾತಿ ಸಮುದಾಯಗಳನ್ನು ಹಿಂದುಳಿದವೆಂದು ಪಟ್ಟಿಮಾಡಿತು. ಆದರೆ ಜಾತಿಯನ್ನೇ ಅಳತೆಗೋಲಾಗಿಸಿದ್ದು ತಮಗೆ ಸಮ್ಮತವಲ್ಲವೆಂದು ಅಧ್ಯಕ್ಷರೇ ವರದಿಯೊಡನೆ ಬರೆದು ಕಳುಹಿದರು. ಸರಕಾರವೂ ಅದನ್ನು ಕಾರ್ಯರೂಪಕ್ಕೆ ತರಲಿಲ್ಲ. ನದಿಗಳನ್ನು ಹೋಲಿಸುವುದು ಸುಲಭ, ಮನುಷ್ಯರ ನೋವನ್ನು ತೂಗುವುದು ಕಠಿಣ. ಆ ತೂಕದಲ್ಲಿ ಅವರ ಕೈ ನಡುಗಿತೆಂದು ಟೀಕಿಸಿದವರುಂಟು.

ಕಾಕಾಸಾಹೇಬರು ೧೯೫೨ರಿಂದ ೧೯೬೪ರವರೆಗೆ ರಾಜ್ಯಸಭೆಯಲ್ಲಿದ್ದರು. ೧೯೬೪ರಲ್ಲಿ ಪದ್ಮವಿಭೂಷಣ ಬಂದಿತು. ೧೯೬೫ರಲ್ಲಿ ‘ಜೀವನ್ ವ್ಯವಸ್ಥಾ’ ಎಂಬ ಗುಜರಾತಿ ಕೃತಿಗೆ ಸಾಹಿತ್ಯ ಅಕಾಡೆಮಿಯ ಬಹುಮಾನ ದೊರೆಯಿತು. ೧೯೮೧ರ ಆಗಸ್ಟ್ ೨೧ರಂದು ದೆಹಲಿಯಲ್ಲಿ ತೀರಿಕೊಂಡರು.

ಇವರು ಕನ್ನಡಿಗರೆ ಎಂದು ಯಾರಾದರೂ ಕೇಳಬಹುದು. ಅಲ್ಲ, ಹಾಗೆ ಹೇಳಿಕೊಂಡು ಇನ್ನೊಬ್ಬರ ಮನೆಯ ದೀಪವನ್ನು ನಮ್ಮ ಗೂಡಿನಲ್ಲಿಡುವುದು ಸಲ್ಲದು. ಅವರು ಹುಟ್ಟಿದಾಗ ಸಾತಾರೆ, ಬೆಳಗಾವಿ, ಕಾರವಾರ, ಅಹಮದಾಬಾದು, ಸೂರತ್ ಎಲ್ಲವೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದುವು. ಅವರ ಕಣ್ಣೆದುರಿಗೇ ೧೯೫೬ರಲ್ಲಿ ನಮ್ಮ ರಾಜ್ಯವೂ ೧೯೬೦ರಲ್ಲಿ ಗುಜರಾತು ಮಹಾರಾಷ್ಟ್ರಗಳೂ ರೂಪುಗೊಂಡವು. ಬೇಲಿ ಹಾಕುವ ಮೊದಲೇ ಹರಿದ ನೀರಿನಂತಹ ಬಾಳು ಅವರದು.

ಗಾಂಧೀಜಿ ಅವರಿಗೆ ಸವಾಯಿ ಗುಜರಾತಿ ಎಂಬ ಬಿರುದು ಕೊಟ್ಟಿದ್ದರು. ಸವಾ ಎಂದರೆ ಒಂದೂಕಾಲು. ಸ್ಥಳೀಕನಿಗಿಂತ ಕಾಲುಪಾಲು ಹೆಚ್ಚಿನ ಗುಜರಾತಿ ಎಂದು ಅರ್ಥ. ಆ ಹೆಚ್ಚಿನ ಕಾಲುಪಾಲು ಬಂದುದೆಲ್ಲಿಂದ? ಮಾರ್ಕಂಡಿಯ ದಂಡೆಯಿಂದ, ಕಾರವಾರದ ಮರಳಿನಿಂದ, ಸಾತಾರೆಯ ಕೃಷ್ಣೆಯಿಂದ ಬಂದಿತೆನ್ನದೆ ಬೇರೆ ಉತ್ತರವಿಲ್ಲ. ನಮ್ಮ ಮಕ್ಕಳು ಇಲ್ಲಿನ ಶಾಲೆಗಳಲ್ಲಿ ಗುಜರಾತಿ ಕಲಿತು ನವರಾತ್ರಿಯ ಗರಬಾ ಆಡುವಾಗ ನಮ್ಮಲ್ಲಿ ಕೆಲವರಿಗೆ ಕಳವಳವಾಗುತ್ತದೆ. ಇಲ್ಲಿಯದನ್ನು ಒಲ್ಲದವನ ಕೈಯಲ್ಲಿ ಉಳಿಯುವುದು ಆ ಕಾಲುಪಾಲು ಮಾತ್ರ. ಮನೆಯದನ್ನು ಮರೆತವನಿಗೆ ದಕ್ಕುವುದು ಬರಿಯ ಒಂದು. ಎರಡನ್ನೂ ಹಿಡಿದವನಿಗೇ ಒಂದೂಕಾಲು. ಆದುದರಿಂದ ಮಕ್ಕಳು ಬೀದಿಯಲ್ಲಿ ಇಲ್ಲಿಯ ಮಾತನ್ನು ಸೊಗಸಾಗಿ ಆಡಲಿ; ಸಂಜೆ ಮನೆಯಲ್ಲಿ ಕನ್ನಡದಲ್ಲಿ ಅವರೊಡನೆ ಮಾತನಾಡುವ ಹೊಣೆ ನಮ್ಮದು.