ಗಡಿಯಂಚಿನ ಅಕ್ಷರದಾಸೋಹಿ: ಜಯದೇವಿತಾಯಿ ಲಿಗಾಡೆ

ಸೊಲ್ಲಾಪುರವೆಂದೊಡನೆ ಹಲವರಿಗೆ ನೆನಪಾಗುವುದು ಅಲ್ಲಿನ ಚಾದರ ಮತ್ತು ಬಟ್ಟೆಯ ಗಿರಣಿಗಳು. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗಾದರೋ ಅದು ಸೊನ್ನಲಿಗೆ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮನು ಕೆರೆಯನ್ನು ಕಟ್ಟಿಸಿ, ವಚನಗಳನ್ನು ರಚಿಸಿ, ಮುಂದೆ ರಾಘವಾಂಕನ ಕಾವ್ಯಕ್ಕೆ ನಾಯಕನಾದ ನೆಲವದು. ಅದೇ ಊರಿನಲ್ಲಿ 1912ರ ಜೂನ್ 23ರಂದು ಜಯದೇವಿಯವರು ಜನಿಸಿದರು. ತಂದೆ ಚೆನ್ನಬಸಪ್ಪ ಮಡಕಿ, ತಾಯಿ ಸಂಗವ್ವ. ಸಿರಿವಂತಿಕೆಗೂ ಶಿವಭಕ್ತಿಗೂ ಕೊರತೆಯಿಲ್ಲದ ಮನೆತನ.

ಮನೆಯ ಮಾತು ಕನ್ನಡ. ಶಾಲೆಯ ಮಾತು ಮರಾಠಿ. ಆ ಕಾಲದ ಸೊಲ್ಲಾಪುರದಲ್ಲಿ ಇದು ಒಬ್ಬ ಬಾಲಕಿಯ ಪಾಡಷ್ಟೇ ಆಗಿರಲಿಲ್ಲ. ಮುಂಬಯಿ ಪ್ರಾಂತದ ಆ ಜಿಲ್ಲೆಯಲ್ಲಿ ಶಾಲೆ, ಕಚೇರಿ, ಪತ್ರವ್ಯವಹಾರಗಳೆಲ್ಲ ಬಹುಮಟ್ಟಿಗೆ ಮರಾಠಿಯಲ್ಲಿಯೇ ನಡೆಯುತ್ತಿದ್ದವು. ನೆರೆಯ ಅಕ್ಕಲಕೋಟೆಯು ಭೋಸಲೆ ಮನೆತನದ ಮರಾಠಿ ಸಂಸ್ಥಾನವಾಗಿತ್ತು. ಅದರ ಹಳ್ಳಿಗಳ ಹೊಲಗದ್ದೆಗಳಲ್ಲಿ ಮಾತ್ರ ಕನ್ನಡವೇ ಕೇಳಿಬರುತ್ತಿತ್ತು. ಹೀಗೆ ಅಡುಗೆಮನೆಯಲ್ಲಿ, ಬೀಸುವ ಕಲ್ಲಿನ ಬಳಿಯಲ್ಲಿ, ಜಾತ್ರೆಯಲ್ಲಿ ಬದುಕಿದ್ದ ಭಾಷೆಗೆ ಪಾಟಿಯ ಮೇಲೆ ಎಡೆಯಿರಲಿಲ್ಲ. ಮಗುವು ಅಕ್ಷರವಂತನಾದಷ್ಟೂ ತಾಯಿಯ ನುಡಿಯಿಂದ ದೂರ ಸರಿಯುವ ವಿಚಿತ್ರ ಸನ್ನಿವೇಶವದು.

ಜಯದೇವಿಯವರು ಕಲಿತುದು ಮರಾಠಿಯಲ್ಲಿ, ಅದೂ ಅಲ್ಪಕಾಲ. ಬಾಲ್ಯ ಕಳೆಯುವ ಮುನ್ನವೇ ಚೆನ್ನಮಲ್ಲಪ್ಪ ಲಿಗಾಡೆಯವರೊಡನೆ ವಿವಾಹವಾಯಿತು. ಸಂಸಾರದ ಹೊಣೆಯ ನಡುವೆಯೇ ಅವರು ಕನ್ನಡ ಲಿಪಿಯನ್ನು ಸ್ವಪ್ರಯತ್ನದಿಂದ ಕಲಿತರು. ಮಾತು ನಾಲಗೆಯ ಮೇಲಿತ್ತು. ಅದನ್ನು ಕಣ್ಣಿಗೂ ಕೈಗೂ ತಂದುಕೊಳ್ಳಬೇಕಾಗಿತ್ತು. ತಮಗೆ ಬಾಲ್ಯದಲ್ಲಿ ದೊರೆಯದುದು ಊರಿನ ಮಕ್ಕಳಿಗೆ ದೊರೆಯಲಿ ಎಂಬ ಹಂಬಲಕ್ಕೆ ಈ ಅನುಭವವೇ ಬೇರಾಗಿರಬೇಕು.

ಮನೆತನದ ಸಂಪತ್ತನ್ನೂ ಪ್ರಭಾವವನ್ನೂ ಅವರು ಕನ್ನಡದ ಕೆಲಸಕ್ಕೆ ತೊಡಗಿಸಿದರು. ಸೊಲ್ಲಾಪುರದಲ್ಲಿ ಕನ್ನಡ ಶಾಲೆಗಳು ತಲೆಯೆತ್ತಲು ಕಾರಣರಾದರು, ಕನ್ನಡಿಗರನ್ನು ಸಂಘಟಿಸಿದರು, ಹೆಣ್ಣುಮಕ್ಕಳ ವಿದ್ಯೆಗಾಗಿ ದುಡಿದರು. ಶರಣರ ಸಂಪ್ರದಾಯದಲ್ಲಿ ದಾಸೋಹವೆಂದರೆ ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಭಾವವಿಲ್ಲದ ನೀಡಿಕೆ. ಆ ದೃಷ್ಟಿಯನ್ನು ಅಕ್ಷರಕ್ಕೂ ಅನ್ವಯಿಸಿದುದರಲ್ಲಿ ಅವರ ಹಿರಿಮೆಯಿದೆ. ಬಡಮಗುವಿಗೆ ಅನ್ನ, ಬಟ್ಟೆ, ಪುಸ್ತಕಗಳನ್ನು ನೀಡುವ ಸಂಸ್ಥೆಯು ಆ ಮಗುವಿನ ಭಾಷೆಯನ್ನು ಬಾಗಿಲ ಹೊರಗೆ ನಿಲ್ಲಿಸಿದರೆ, ಅದು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಂಡಂತೆಯೇ ಸರಿ.

ಇಂತಹ ಚಿಂತನೆ ದೂರದ ನಾಡುಗಳಲ್ಲಿಯೂ ಮೂಡಿತ್ತು. ಬ್ರಿಟನ್ನಿನ ವೇಲ್ಸ್ ಪ್ರದೇಶದ ಕೆಲವು ಶಾಲೆಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ತಾಯ್ನುಡಿಯಾಡಿದ ಮಗುವಿನ ಕೊರಳಿಗೆ ಮರದ ತುಂಡನ್ನು ತೂಗುಹಾಕುವ ಶಿಕ್ಷೆಯಿತ್ತು. ಮುಂದೆ 1922ರಲ್ಲಿ ಇವಾನ್ ಅಬ್ ಒವೆನ್ ಎಡ್ವರ್ಡ್ಸ್ ಎಂಬವರು ವೆಲ್ಷ್ ನುಡಿಯ ಮಕ್ಕಳಿಗಾಗಿಯೇ ‘ಉರ್ದ್’ ಎಂಬ ಸಂಘವನ್ನು ಕಟ್ಟಿ, ಆಟ, ಹಾಡು, ಶಿಬಿರಗಳ ಮೂಲಕ ಆ ಭಾಷೆಯನ್ನು ಎಳೆಯರ ಬಾಳಿಗೆ ಮರಳಿಸಿದರು. ಸೊಲ್ಲಾಪುರದ ತಾಯಿಗೂ ವೇಲ್ಸಿನ ಆ ಸಂಘಟಕರಿಗೂ ಪರಸ್ಪರ ಪರಿಚಯವಿರಲಿಲ್ಲ. ಆದರೂ ಇಬ್ಬರೂ ಕಂಡುಕೊಂಡ ಸತ್ಯ ಒಂದೇ: ಮಕ್ಕಳ ಬಾಯಲ್ಲಿ ಉಳಿಯದ ಭಾಷೆಯನ್ನು ಹಿರಿಯರ ಅಭಿಮಾನವು ಉಳಿಸಲಾರದು.

ಅವರ ಸಾಹಿತ್ಯವೂ ಈ ಕಾಯಕದಿಂದ ಬೇರೆಯಾದುದಲ್ಲ. ‘ತಾಯಿಯ ಪದಗಳು’ ಎಂಬ ಹೆಸರೇ ಅವರ ಭಾಷೆಯ ಮೂಲವನ್ನು ಹೇಳುತ್ತದೆ. ‘ಶ್ರೀ ಸಿದ್ಧರಾಮ ಪುರಾಣ’ವನ್ನು ರಚಿಸುವಾಗ ಅವರು ಪಂಡಿತರ ವೃತ್ತಗಳನ್ನು ಬಯಸದೆ, ಹೆಂಗಸರು ಬೀಸುವಾಗ ಹಾಡುತ್ತಿದ್ದ ತ್ರಿಪದಿಯನ್ನು ಆರಿಸಿಕೊಂಡರು. ಶಾಲೆಯು ಕಲಿಸದ ಕನ್ನಡವನ್ನು ಕಾಪಾಡಿದ್ದ ತಾಯಂದಿರ ಮಟ್ಟಿಗೇ ಮಹಾಕಾವ್ಯದ ಗೌರವ ಸಂದಿತು.

ಕನ್ನಡದ ಮೇಲಿನ ಪ್ರೀತಿ ಅವರಲ್ಲಿ ಮರಾಠಿಯ ದ್ವೇಷವಾಗಲಿಲ್ಲ. ಬಸವಾದಿ ಶರಣರ ವಚನಗಳನ್ನೂ ‘ಶೂನ್ಯಸಂಪಾದನೆ’ಯನ್ನೂ ಅವರು ಮರಾಠಿಗೆ ತಂದರು. ಎರಡೂ ನುಡಿಗಳಲ್ಲಿ ಬರೆದ ಆ ಲೇಖನಿಯು ಗಡಿಯನ್ನು ಗೋಡೆಯಾಗಿಸದೆ ಹೊಸ್ತಿಲಾಗಿಸಿತು.

ರಾಜಕೀಯದಲ್ಲಿ ಮಾತ್ರ ಅವರ ಹಂಬಲ ಕೈಗೂಡಲಿಲ್ಲ. ಸೊಲ್ಲಾಪುರವು ಕನ್ನಡನಾಡಿಗೆ ಸೇರಬೇಕೆಂದು ಅವರು ಹೋರಾಡಿದರು. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಆ ಊರಿನಲ್ಲಿಯೇ ನಡೆದಾಗ ಆಸೆ ಚಿಗುರಿತ್ತು. ಆದರೆ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ, ಅಕ್ಕಲಕೋಟೆಗಳು ಮುಂಬಯಿ ರಾಜ್ಯದಲ್ಲಿಯೇ ಉಳಿದು, 1960ರಲ್ಲಿ ಮಹಾರಾಷ್ಟ್ರದ ಭಾಗವಾದವು. ಅಕ್ಕಲಕೋಟೆಯು ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗವು ಮಾಡಿದ ಶಿಫಾರಸು ಜಾರಿಗೆ ಬರಲಿಲ್ಲ.

1974ರಲ್ಲಿ ಮಂಡ್ಯದಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಆ ಪೀಠವನ್ನೇರಿದ ಮೊದಲ ಮಹಿಳೆ ಅವರೇ. ಶಾಲೆಯಲ್ಲಿ ಕನ್ನಡ ಕಲಿಯದವರೊಬ್ಬರು, ಕನ್ನಡ ರಾಜ್ಯದ ಹೊರಗೆ ಉಳಿದ ಊರಿನವರು, ಇಡೀ ಕನ್ನಡಿಗರ ಸಭೆಗೆ ಹಿರಿಯರಾದರು. ಬಾಳಿನ ಕೊನೆಯ ವರ್ಷಗಳನ್ನು ಬಸವಕಲ್ಯಾಣದಲ್ಲಿ ಕಳೆದು, 1986ರಲ್ಲಿ ಅವರು ಲಿಂಗೈಕ್ಯರಾದರು.

ಭೂಪಟದ ಗೆರೆ ಅವರ ಇಚ್ಛೆಯಂತೆ ಬದಲಾಗಲಿಲ್ಲ. ಪಾಟಿಯ ಮೇಲಿನ ಗೆರೆ ಬದಲಾಯಿತು. ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಅಲ್ಲಿ ಅ, ಆ ತಿದ್ದುವ ಮಗುವಿಗೆ ಜಯದೇವಿತಾಯಿಯವರ ಹೆಸರು ತಿಳಿಯದಿರಬಹುದು. ಐಚ್ಛಿಕ ಕನ್ನಡವನ್ನು ಆರಿಸಿಕೊಂಡ ನಮಗೆ ಅದು ತಿಳಿದಿರಬೇಕು. ಏಕೆಂದರೆ ನಾವು ಇಚ್ಛೆಯಿಂದ ಆರಿಸಿಕೊಂಡ ವಿಷಯವನ್ನು ಅವರು ಆಯ್ಕೆಯೇ ಇಲ್ಲದ ಕಾಲದಲ್ಲಿ ತಾವಾಗಿ ಕಲಿತು, ಬಳಿಕ ಹಂಚಿದರು.